ಭೇಟಿ ಕೊಠಡಿ ಇದ್ದ ನಕ್ಷೆ

ರಾಯಚೂರು
29 ಸೆಪ್ಟೆಂಬರ್ 2024, ಭಾನುವಾರ

ಅವ್ವಾ,

ಜೈಭೀಮ್.

ಮೊದಲಿಗೇ ಸಾರಿ. ಫೋನ್ ಇರುವಾಗ ಈ ಹುಡುಗಿ ಕಾಗದ ಯಾಕೆ ಬರೆದಳು, ಆಗಬಾರದ್ದು ಏನಾದರೂ ಆಯಿತೇನೋ ಎಂದು ಹೆದರಿಕೊಂಡೇ ನೀನು ಈ ಕವರ್ ಹರಿಯುತ್ತೀ ಅಂತ ಗೊತ್ತು. ಏನೂ ಆಗಿಲ್ಲ. ಜ್ವರ ಇಲ್ಲ, ಯಾರ ಜೊತೆಗೂ ಜಗಳ ಇಲ್ಲ. ನಮ್ಮ ಮನೆಯ ನಕ್ಷೆಯ ಹಾಳೆಯನ್ನು ಹೇಗೂ ನಿನಗೆ ಮುಟ್ಟಿಸಬೇಕಿತ್ತು. ಬರೀ ಹಾಳೆ ಕಳಿಸುವುದು ಯಾಕೋ ಸರಿ ಅನ್ನಿಸಲಿಲ್ಲ.

ಆಕ್ಚುಲಿ, ಫೋನಿನಲ್ಲಿ ನಮಗಿಬ್ಬರಿಗೂ ಮಾತಾಡಲು ಬರುವುದಿಲ್ಲ ಅವ್ವಾ. 'ಊಟ ಆತು?' 'ಆತು.' 'ನಿಂದು?' 'ಆತು.' ಅಷ್ಟರಲ್ಲಿ ವಾರ್ಡಿನಿಂದ ಯಾರೋ 'ಸಿಸ್ಟರ್, ಡ್ರಿಪ್ ಮುಗೀತ್ರಿ' ಎಂದು ಕೂಗುತ್ತಾರೆ. ವಾಟ್ಸಾಪಿನಲ್ಲಿ ನಾನು ಅರ್ಧ ಪುಟ ಟೈಪ್ ಮಾಡಿದರೆ ನೀನು ಒಂದು ಹೆಬ್ಬೆಟ್ಟು ಕಳಿಸುತ್ತೀ. ಅದಕ್ಕೇ ಈ ಕಾಗದ. ಮಾನ್ವಿ ಬಸ್ಸಿನ ಕಂಡಕ್ಟರ್ ಜಿಲಾನಿ ಪಾಷಾ ಅವರ ಕೈಯಲ್ಲಿ ಕೊಡುತ್ತೇನೆ. ಅವರ ಮೊಮ್ಮಗ ಹುಟ್ಟಿದ್ದು ನಿನ್ನ ಆಸ್ಪತ್ರೆಯಲ್ಲೇ ಅಂತೆ. 'ಸುಜಾತಾ ಸಿಸ್ಟರ್ ಮಗಳಾ ನೀ? ಕೊಡು ಬೇಟಿ, ಕೈಯಾಗ ಮುಟ್ಟಸ್ತೀನಿ' ಎಂದರು.

ಈಗ ನಕ್ಷೆ. ನೀನು 'ನಿನಗ ಹೆಂಗ ಬೇಕೋ ಹಂಗ ಬರಿ' ಎಂದಿದ್ದೆ. ಇಂಜಿನಿಯರಿಂಗ್ ಕ್ಲಾಸಿನಲ್ಲಿ ಇನ್ನೂ ಸಿಲಿಂಡರ್, ಕೋನ್ ಬರೆಸುತ್ತಿದ್ದಾರೆ, ಮನೆ ಬರೆಸುವುದು ಮುಂದಿನ ವರ್ಷವಂತೆ. ಆದರೂ ಸ್ಕೇಲ್ ತಪ್ಪಿಲ್ಲ, ನಾಲ್ಕು ಸಲ ಚೆಕ್ ಮಾಡಿದ್ದೇನೆ. ದೇವದುರ್ಗದ ನಿನ್ನ ಮೂವತ್ತು-ನಲವತ್ತರ ಸೈಟಿನಲ್ಲಿ ಎಲ್ಲವೂ ಕೂತಿದೆ. ಗೇಟು ದಾಟಿದ ಕೂಡಲೇ ಎಡಕ್ಕೆ ಭೇಟಿ ಕೊಠಡಿ. ಅದರ ಕಿಟಕಿ ರಸ್ತೆ ಕಡೆಗೇ ಇಟ್ಟಿದ್ದೇನೆ, ಬರುವವರು ದೂರದಿಂದಲೇ ಕಾಣಬೇಕು. ಆಮೇಲೆ ನಡುವೆ ಉದ್ದಕ್ಕೆ ಕಾರಿಡಾರ್, ಅದರ ಎರಡೂ ಬದಿಗೆ ಕೋಣೆಗಳು: ಒಂದು, ಎರಡು, ಮೂರು, ನಾಲ್ಕು. ಕಾರಿಡಾರಿನ ಕೊನೆಗೆ ನಲ್ಲಿಗಳ ಸಾಲು, ಬೆಳಿಗ್ಗೆ ಯಾರೂ ಯಾರಿಗೂ ಕಾಯಬೇಕಿಲ್ಲ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಕಿಂಡಿ, ತಾಟು ಅಲ್ಲಿಂದಲೇ ತೆಗೆದುಕೊಳ್ಳಬಹುದು. ಬಾಗಿಲು ಮುಂದಿನದು ಒಂದೇ, ಸೇಫ್ಟಿಗೆ.

ಈ ದಸರಾ ರಜೆಗೆ ನಾನು ಬರುವುದಿಲ್ಲ. ಅಲ್ಲಿ ಒಂದೇ ರೂಮಿನಲ್ಲಿ ನೀನು, ರೇಣುಕಮ್ಮ ಸಿಸ್ಟರ್, ಅದರ ಮೇಲೆ ನಾನು. ಅವರು ಪಾಪ ಏನೂ ಅನ್ನುವುದಿಲ್ಲ, ಆದರೆ ಡ್ಯೂಟಿ ಮುಗಿಸಿ ಬಂದವರು ನನ್ನನ್ನು ದಾಟಿಕೊಂಡು ಮಲಗಬೇಕು. ಇಲ್ಲಿ ಹಾಸ್ಟೆಲಿನ ಮೆಸ್ ತೆರೆದಿರುತ್ತದೆ. ಮುಂದಿನ ದಸರೆಗೆ ಮಾತ್ರ ಬ್ಯಾಗು ಹಿಡಿದು ದೇವದುರ್ಗದ ಬಸ್ಸು ಹತ್ತುತ್ತೇನೆ. ಕಂಡಕ್ಟರ್ 'ಎಲ್ಲಿಗವ್ವಾ?' ಎಂದು ಕೇಳಿದರೆ ಊರಿನ ಹೆಸರು ಹೇಳುವುದಿಲ್ಲ, 'ಮನಿಗಿ' ಎನ್ನುತ್ತೇನೆ.

ನಕ್ಷೆ ಚೆನ್ನಾಗಿಲ್ಲದಿದ್ದರೆ ನೇರವಾಗಿ ಹೇಳು. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. (ಮಾಡಿಕೊಳ್ಳುತ್ತೇನೆ. ಆದರೂ ಹೇಳು.)

ನಿನ್ನ
ಮಿತ್ರಾ


ಮಾನ್ವಿ
4 ಅಕ್ಟೋಬರ್ 2024

ಮಿತ್ರಾಳಿಗೆ ಅವ್ವನ ಆಶೀರ್ವಾದಗಳು.

ನೀನು ಹೇಳಿದ ಹಾಗೆಯೇ ಆಯಿತು. ಜಿಲಾನಿ ಪಾಷಾ ಆಸ್ಪತ್ರೆ ಬಾಗಿಲಿಗೇ ಬಂದು 'ಸಿಸ್ಟರ್, ನಿಮ್ಮ ಮಗಳು ಕಾಗದ ಕೊಟ್ಟಾಳ' ಎಂದಾಗ ಅಲ್ಲೇ ನಿಂತು ಹೆದರಿಕೊಂಡೇ ಕವರ್ ಹರಿದೆ. ಓದಿ ಮುಗಿಸಿ ನಕ್ಕೆ. ಆಮೇಲೆ ಇನ್ನೊಮ್ಮೆ ಓದಿದೆ.

ನಕ್ಷೆಯನ್ನು ವಾರ್ಡಿನ ಡ್ರೆಸ್ಸಿಂಗ್ ಟೇಬಲ್ ಮೇಲೆ ಹರವಿ, ಸುರುಳಿ ಆಗದಂತೆ ನಾಲ್ಕೂ ಮೂಲೆಗೆ ಸ್ಪಿರಿಟ್ ಬಾಟಲಿ ಇಟ್ಟು ನೋಡಿದೆ. ಎಷ್ಟು ಚೊಕ್ಕ ಬರೆದಿದ್ದೀ. ಕಾರಿಡಾರ್ ನೇರ ಇದೆ, ಗಾಳಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ನಲ್ಲಿಗಳ ಸಾಲು ನನಗೆ ತುಂಬಾ ಹಿಡಿಸಿತು. ರೇಣುಕಮ್ಮನಿಗೂ ತೋರಿಸಿದೆ. ಅವಳು 'ಭಾಳ ಕೋಣಿ ಆದ್ವಲ್ಲ ಅಕ್ಕಾ' ಎಂದಳು. ಆಗಲಿ ಬಿಡು, ನಾವು ಕೋಣೆ ಕಂಡವರಲ್ಲ.

ನಿನ್ನೆ ರಜೆ ಹಾಕಿ ದೇವದುರ್ಗಕ್ಕೆ ಹೋಗಿ ಬಂದೆ. ಪುರಸಭೆಗೆ ನಾವೇ ಬರೆದ ನಕ್ಷೆ ಕೊಟ್ಟರೆ ನಡೆಯುವುದಿಲ್ಲ, ಲೈಸೆನ್ಸ್ ಇರುವ ಇಂಜಿನಿಯರ್ ಕಂಪ್ಯೂಟರಿನಲ್ಲಿ ಬರೆದು ಸಹಿ ಹಾಕಿ ಆನ್‌ಲೈನಿನಲ್ಲಿ ಅರ್ಜಿ ಏರಿಸಬೇಕು. ಬಸ್ ಸ್ಟ್ಯಾಂಡ್ ಎದುರಿಗೆ ಕಿರಣಕುಮಾರ ಎಂಬ ಹುಡುಗ ಇದ್ದಾನೆ, ಅವನಿಗೆ ಕೊಟ್ಟೆ. ಅವನು ನಕ್ಷೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ನಕ್ಷೆ ನೋಡಿದ.

'ಮೇಡಂ, ಒಂದೀಟು ಬದಲಿ ಮಾಡಲೇನ್ರಿ?'

'ಒಂದು ಗೀಟೂ ಅತ್ತಿತ್ತ ಸರಿಸಬ್ಯಾಡ್ರಿ. ನನ್ನ ಮಗಳು ಬರದಾಳ. ಸುತ್ತ ಜಾಗಾ ಬಿಡೋದು ಏನದ, ಅದೊಂದು ನಿಯಮದಂಗ ನೋಡಿಕೊಳ್ರಿ.'

'ಆತ್ರಿ. ನಿಮ್ಮ ಮನಿ, ನಿಮ್ಮ ಇಷ್ಟ' ಎಂದ.

ಅರ್ಜಿ ಏರಿದೆ. ಪರವಾನಗಿ ಕೈಗೆ ಬಂದರೆ ಸಂಕ್ರಾಂತಿ ಕಳೆದ ಮೇಲೆ ಪಾಯ ತೆಗೆಸೋಣ. ದೇವದುರ್ಗದ ಆಸ್ಪತ್ರೆಗೆ ವರ್ಗ ಕೇಳಿ ಬರೆದುಕೊಟ್ಟಿದ್ದೇನೆ. ಆಗಬಹುದು ಅನ್ನುತ್ತಾರೆ.

ರಜೆಗೆ ಬರದಿರುವುದು ನಿನ್ನ ಇಷ್ಟ. ಮೆಸ್ಸಿನಲ್ಲಿ ಅನ್ನ ಗಟ್ಟಿಯಾಗಿದ್ದರೂ ಹೊಟ್ಟೆ ಕಟ್ಟಬೇಡ.

ಅವ್ವ


ರಾಯಚೂರು
13 ಅಕ್ಟೋಬರ್ 2024, ಭಾನುವಾರ

ಅವ್ವಾ,

ನಿನ್ನ ಕಾಗದವನ್ನು ರೂಮ್‌ಮೇಟ್ ಹನುಮಂತಿಗೂ ಓದಿ ತೋರಿಸಿದೆ. 'ಒಂದು ಗೀಟೂ ಸರಿಸಬ್ಯಾಡ್ರಿ' ಎನ್ನುವಲ್ಲಿಗೆ ಬಂದಾಗ ಅವಳು 'ಏ, ನಿಮ್ಮವ್ವ ಖಡಕ್ ಅದಾಳಲೇ' ಎಂದಳು. ಈಗ ಅವಳೂ ಮಟಮಾರಿಗೆ, ಅವರ ಮನೆಗೆ ಹೋಗಿದ್ದಾಳೆ. ಇಡೀ ಫ್ಲೋರಿನಲ್ಲಿ ನಾನು ಮತ್ತು ಸೆಕೆಂಡ್ ಇಯರ್ ಅಕ್ಕ ಒಬ್ಬಳು. ಅವಳು ಇಯರ್‌ಫೋನ್ ತೆಗೆಯುವುದೇ ಇಲ್ಲ. ನಾನು ಆರಾಮ ಇದ್ದೇನೆ. ಇಂಟರ್ನಲ್ಸ್‌ಗೆ ಓದುತ್ತಿದ್ದೇನೆ.

ನಮ್ಮ ಮನೆಯ ಬಣ್ಣದ ಬಗ್ಗೆ ಯೋಚಿಸಿದೆ. ಕೆಳಗೆ ಅರ್ಧ ಗೋಡೆಗೆ ಎಣ್ಣೆ ಬಣ್ಣ, ಮೇಲೆ ತಿಳಿ ಬಣ್ಣ. ಹಾಗಿದ್ದರೆ ಕೈ ತಾಗಿದರೂ ಕಲೆ ಕಾಣುವುದಿಲ್ಲ. ಓಕೇನಾ? ಕೋಣೆ ಎರಡು ನನಗೆ, ಕೋಣೆ ಒಂದು ನಿನಗೆ ಅಂದುಕೊಂಡಿದ್ದೇನೆ, ನೀನು ಬೇರೆ ಹೇಳಿದರೆ ಬದಲಿಸೋಣ.

ಪುರಸಭೆಯವರು ಏನಂದರು? ಸೈಟು ನೋಡಲು ಬಂದಿದ್ದರಾ?

ಮಿತ್ರಾ


ರಾಯಚೂರು
27 ಅಕ್ಟೋಬರ್ 2024, ಭಾನುವಾರ

ಅವ್ವಾ,

ಫೋನಿನಲ್ಲಿ ಕೇಳಿದರೆ 'ನೋಡೂಣು' ಎನ್ನುತ್ತೀ. ಕಾಗದಕ್ಕೆ ಉತ್ತರವೇ ಇಲ್ಲ. ಬಸ್ ಸ್ಟ್ಯಾಂಡಿಗೆ ನಾನು ಸುಮ್ಮಸುಮ್ಮನೆ ಹೋಗುತ್ತಿಲ್ಲ, ಅದು ಕಾಲೇಜಿನ ದಾರಿಯಲ್ಲೇ ಇದೆ. ಜಿಲಾನಿ ಪಾಷಾ ನನ್ನನ್ನು ದೂರದಿಂದ ನೋಡಿಯೇ ಕೈ ಆಡಿಸುತ್ತಾರೆ. ನಿನ್ನೆ 'ಇವತ್ತೂ ಏನಿಲ್ಲ ಬೇಟಿ. ನಿಮ್ಮವ್ವನ ಕೇಳಿದೆ, ಬರಿತೀನಿ ಅಂದಾಳ. ನನ್ನ ಬಸ್ಸು ಪೋಸ್ಟ್ ಆಫೀಸು ಮಾಡೀರಿ, ಪೋಸ್ಟ್ ಇಲ್ಲಂದ್ರ ನಾ ಏನು ಮಾಡ್ಲಿ?' ಎಂದರು. ಪಾಪ, ಅವರಿಗೇ ಗಿಲ್ಟಿ ಆದ ಹಾಗಿತ್ತು.

ನಕ್ಷೆಯಲ್ಲಿ ಏನಾದರೂ ತಪ್ಪಾಗಿದೆಯಾ? ಕಿಟಕಿಗಳ ಅಳತೆಯಾ? ನನಗೆ ಎರಡು ಸಲ ಕನಸಿನಲ್ಲಿ ಅಳತೆ ತಪ್ಪಾಗಿ ಕಾರಿಡಾರ್ ಸೈಟಿನ ಆಚೆ ಹೋಗಿತ್ತು. ಅಥವಾ ನಿನಗೇ ಮನೆ ಬೇಡ ಅನ್ನಿಸಿದೆಯಾ? ಏನಿದ್ದರೂ ಹೇಳಿಬಿಡು. ಏನೂ ಹೇಳದಿದ್ದರೆ ನಾನು ಎಲ್ಲವನ್ನೂ ನಾನೇ ಊಹಿಸಿಕೊಳ್ಳುತ್ತೇನೆ, ಅದು ಇನ್ನೂ ಕೆಟ್ಟದು.

ಮಿತ್ರಾ


ಮಾನ್ವಿ
3 ನವೆಂಬರ್ 2024

ಮಿತ್ರಾಳಿಗೆ ಆಶೀರ್ವಾದಗಳು.

ಬರೆಯಲು ಆಗಲಿಲ್ಲ. ವಾರ್ಡಿನ ತುಂಬಾ ಡೆಂಗಿ ಕೇಸು. ಒಂದು ಹಾಸಿಗೆಗೆ ಇಬ್ಬಿಬ್ಬರು ಮಕ್ಕಳು, ಮಕ್ಕಳ ಕಾಲ ಬಳಿ ಅವರ ಅವ್ವಂದಿರು.

ಅಳತೆಯಲ್ಲಿ ಏನೂ ತಪ್ಪಿಲ್ಲ. ನಿನ್ನ ಅಳತೆ ಬರೋಬ್ಬರಿ ಇದೆ ಎಂದು ಪುರಸಭೆ ಇಂಜಿನಿಯರೇ ಹೇಳಿದ್ದಾರೆ. ಪುರಸಭೆಯಲ್ಲಿ ಸರ್ವರ್ ಸಮಸ್ಯೆ, ಮತ್ತೆ ಸಣ್ಣದೊಂದು ತಿದ್ದುಪಡಿ ಕೇಳಿದ್ದಾರೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಓದಿನ ಕಡೆ ಲಕ್ಷ್ಯ ಕೊಡು. ಇಷ್ಟಕ್ಕೆಲ್ಲ ಕನಸು ಕಾಣಬಾರದು.

ಒಂದು ವಿಷಯ. ನಿಮ್ಮ ಹಾಸ್ಟೆಲಿನಲ್ಲಿ ಒಂದು ರೂಮಿಗೆ ಎಷ್ಟು ಜನ ಹುಡುಗಿಯರು? ನೀನು ಬರೆದ ಕೋಣೆಯಲ್ಲಿ ಇಬ್ಬರು ಆರಾಮಾಗಿ ಇರಬಹುದಲ್ಲ? ಮೂವರಾದರೆ ಇಕ್ಕಟ್ಟೇ? ಸುಮ್ಮನೆ ಕೇಳಿದೆ.

ದೀಪಾವಳಿಗೆ ರೇಣುಕಮ್ಮ ಊರಿಗೆ ಹೋಗಿದ್ದಳು. ರೂಮು ಪೂರ್ತಿ ಖಾಲಿ ಇತ್ತು. ನಿನಗೆ ಬಾ ಅನ್ನಬೇಕೆಂದು ಫೋನ್ ಹಿಡಿದೆ. ನಿನಗೆ ಪರೀಕ್ಷೆ ಇದೆ ಎಂದು ನೆನಪಾಗಿ ಇಟ್ಟೆ.

ಅವ್ವ


ರಾಯಚೂರು
17 ನವೆಂಬರ್ 2024, ಭಾನುವಾರ

ಅವ್ವ ಅವರಿಗೆ,

ಪರೀಕ್ಷೆ ಮುಗಿದು ಇಪ್ಪತ್ತು ದಿನದ ಮೇಲಾಯಿತು. ದೀಪಾವಳಿಗೆ ಪರೀಕ್ಷೆ ಇರಲಿಲ್ಲ. ನೀವು ಫೋನ್ ಮಾಡಿದ್ದರೆ ಬರುತ್ತಿದ್ದೆ.

ನಿನ್ನೆ ನಾನು ದೇವದುರ್ಗಕ್ಕೆ ಹೋಗಿದ್ದೆ. ನಿಮಗೆ ಹೇಳಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಆಫೀಸಿಗೆ ಹೋಗಿ 'ಜಾಲಹಳ್ಳಿ ರೋಡಿನ ಸೈಟು, ಸುಜಾತಾ ಸಿಸ್ಟರ್ ಅವರ ಅರ್ಜಿ ಏನಾಯಿತು?' ಎಂದೆ. ಆಸ್ಪತ್ರೆ ಕಡೆಯವಳು ಅಂದುಕೊಂಡರೋ ಏನೋ.

'ಓ, ಆ ಹಾಸ್ಟೆಲ್ ಕೇಸಾ? ಕೂಡ್ರಿ, ಕೂಡ್ರಿ' ಎಂದರು ಕಿರಣಕುಮಾರ. ಚಹಾಕ್ಕೂ ಹೇಳಿದರು. 'ಏನು ಹೇಳ್ಲಿ ನಿಮಗ. ಅರ್ಜಿ ವಾಸದ ಮನಿದು, ನಕ್ಷೆ ನೋಡಿದ್ರ ಪಕ್ಕಾ ಹಾಸ್ಟೆಲ್. ಪುರಸಭೆ ಇಂಜಿನಿಯರ್ ಸಾಹೇಬ್ರು ನನ್ನ ಕರೆಸಿ ಕೇಳ್ತಾರ, ಏನಪಾ ಕಿರಣಾ, ಈ ಮನ್ಯಾಗ ಅವ್ವ ಮಗಳಿಗಿ ಕಿಂಡಿಯಾಗಿಂದ ತಾಟು ಕೊಡ್ತಾಳೇನು? ಬೆಲ್ ಹೊಡದು ಕರೀತಾಳೇನು? ಅಂತ. ನಾ ಏನು ಹೇಳ್ಲಿ? ನಕ್ಕೆ.'

ನಾನೂ ನಕ್ಕೆ. ನಗದಿದ್ದರೆ ಗೊತ್ತಾಗುತ್ತಿತ್ತು.

'ಮತ್ತ ಸಿಸ್ಟರ್ ಏನಂದ್ರು?' ಎಂದೆ.

'ಮೇಡಂ ಪಾಪ ನಕ್ಷೆ ಮತ್ತ ಮತ್ತ ನೋಡಿದ್ರು. ಆಮ್ಯಾಲ, ಹಂಗಾರ ಹಾಸ್ಟೆಲ್ ಅಂತನ ಅರ್ಜಿ ಹಾಕಿದ್ರ ಹೆಂಗ್ರಿ, ಹುಡುಗ್ಯಾರನ್ನ ಇಟ್ಟುಕೊಂಡ್ರಾತು ಅಂದ್ರು. ಭಾರಿ ಐಡಿಯಾ ಅದು. ನಿಯಮ ಬ್ಯಾರೆ ಅದಾವ, ಖರೆ, ಆದ್ರ ಆಗ್ತದ. ನೀವು ಅವರ ಪೈಕಿನಾ?'

'ಇಲ್ರಿ. ಮಗಳ ಗೆಳತಿ.'

'ಹಂಗಾರ ಆಕಿಗಿ ಹೇಳ್ರಿ, ಒಂದ್ಸಲ ಯಾರದರ ಮನಿ ನೋಡಿ ಬಾ ಅಂತ.'

ಚಹಾ ಬರುವುದರೊಳಗೆ ಎದ್ದು ಬಂದೆ. ಅಲ್ಲಿಂದ ಸೈಟಿಗೂ ಹೋದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಜಾಲಿ ಗಿಡ, ಯಾರದೋ ಎರಡು ಆಡು. ಕೋಣೆ ಎರಡು ಎಲ್ಲಿ ಬರುತ್ತದೆ ಎಂದು ಹೆಜ್ಜೆ ಹಾಕಿ ನೋಡಿ ಅಲ್ಲಿ ಸ್ವಲ್ಪ ಹೊತ್ತು ನಿಂತೆ. ನಿಂತಾಗ ಅನ್ನಿಸಿತು, ಇದು ನಾನು ಐದನೇ ಕ್ಲಾಸಿನಿಂದ ಇದ್ದ ಹಾಸ್ಟೆಲಿನ ಕೋಣೆಯೇ. ಕಿಟಕಿ ಕೂಡ ಅದೇ ಬದಿಗೆ. ಅಷ್ಟು ದಿನ ಸ್ಕೇಲ್ ಇಟ್ಟು ಬರೆದರೂ ನನಗೆ ಕಾಣಲಿಲ್ಲ.

ನೀವು ನನಗೆ ಹೇಳಬಹುದಿತ್ತು. ಸರ್ವರ್ ಸಮಸ್ಯೆ ಅನ್ನುವ ಬದಲು 'ಮಿತ್ರಾ, ನೀ ದಡ್ಡಿ' ಎನ್ನಬಹುದಿತ್ತು. ಒಂದು ಕೋಣೆಗೆ ಎಷ್ಟು ಹುಡುಗಿಯರು ಎಂದು ಕೇಳಿದ್ದಿರಲ್ಲ, ಇಬ್ಬರು ಆರಾಮಾಗಿ ಇರಬಹುದು. ಮೂವರಾದರೆ ಟ್ರಂಕ್ ಇಡಲು ಜಾಗ ಸಾಲುವುದಿಲ್ಲ. ಸೈಟು ನಿಮ್ಮದು, ನಿಮ್ಮ ಇಷ್ಟ. ಆದರೆ ಅದು ಹಾಸ್ಟೆಲ್ ಆಗುವುದಾದರೆ ಅಲ್ಲಿ ನನಗೆ ಸೀಟು ಬೇಡ.

ಇತಿ,
ಸಂಘಮಿತ್ರಾ
ಪ್ರಥಮ ವರ್ಷ, ಸಿವಿಲ್


ಮಾನ್ವಿ
24 ನವೆಂಬರ್ 2024, ಭಾನುವಾರ

ಮಿತ್ರಾ,

'ಅವ್ವ ಅವರಿಗೆ' ಎಂದು ಬರೆದಿದ್ದೀ. 'ನೀವು' ಎಂದಿದ್ದೀ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ನಾನು ನಿನಗೆ ಯಾಕೆ ಹೇಳಲಿಲ್ಲ ಗೊತ್ತೇ? ನಿನ್ನನ್ನು ದಡ್ಡಿ ಅನ್ನಬೇಕೆಂದರೆ ಮೊದಲು ನನ್ನನ್ನು ಅನ್ನಬೇಕಿತ್ತು. ಆ ನಕ್ಷೆಯಲ್ಲಿ ನನಗೂ ಏನೂ ತಪ್ಪು ಕಾಣಲಿಲ್ಲ. ಜಾಲಹಳ್ಳಿಯಲ್ಲಿ ನಮ್ಮದು ಒಂದೇ ಅಂಕಣದ ಗುಡಿಸಲು. ನಮ್ಮಪ್ಪ, ನಿನ್ನ ಮುತ್ಯಾ ತಾಯಣ್ಣ, ನನ್ನ ಕೈ ಹಿಡಿದು ದೇವದುರ್ಗದ ಹುಡುಗಿಯರ ಹಾಸ್ಟೆಲಿಗೆ ಬಿಟ್ಟಾಗ ನಾನು ನೀನು ಹಾಸ್ಟೆಲಿಗೆ ಸೇರಿದ ವಯಸ್ಸಿಗಿಂತಲೂ ಸಣ್ಣವಳು. ಆಮೇಲೆ ನರ್ಸಿಂಗ್ ಹಾಸ್ಟೆಲ್, ಆಮೇಲೆ ಕ್ವಾರ್ಟರ್ಸ್. ನಿನ್ನ ಅಪ್ಪ ಇದ್ದದ್ದು ಎಷ್ಟು ದಿನ, ಅದೂ ಬಾಡಿಗೆ ಮನೆಯಲ್ಲಿ, ಅರ್ಧ ದಿನ ನನಗೆ ಡ್ಯೂಟಿ. ಈಗ ರೇಣುಕಮ್ಮನ ಜೊತೆ ಈ ರೂಮು. ನಲ್ಲಿಗಳ ಸಾಲು ನೋಡಿ ನನಗೆ ಖುಷಿಯಾದದ್ದು ಸುಳ್ಳಲ್ಲ. ಪುರಸಭೆ ಇಂಜಿನಿಯರ್ ನನ್ನೆದುರಿಗೂ ನಕ್ಕಾಗ ಅವರು ನಿನಗೆ ನಗುತ್ತಿದ್ದಾರೋ ನನಗೆ ನಗುತ್ತಿದ್ದಾರೋ ತಿಳಿಯಲಿಲ್ಲ.

ಹಾಸ್ಟೆಲ್ ಮಾತು. ಹೌದು, ಕೇಳಿದೆ. ನೀನು ಮೊದಲ ಕಾಗದದಲ್ಲಿ 'ಮುಂದಿನ ದಸರೆಗೆ ಬ್ಯಾಗು ಹಿಡಿದು ಬರುತ್ತೇನೆ' ಎಂದು ಬರೆದಿದ್ದೆ. ಬ್ಯಾಗು ಹಿಡಿದು ಬರುವವರು ರಜೆ ಮುಗಿದ ಮೇಲೆ ಹೋಗುತ್ತಾರೆ. ಓದು ಮುಗಿದರೆ ನೌಕರಿ ಎಲ್ಲಿಯೋ, ನೀನು ಎಲ್ಲಿಯೋ. ನಾಲ್ಕು ಕೋಣೆಯಲ್ಲಿ ನಾನೊಬ್ಬಳೇ ಏನು ಮಾಡಲಿ? ಈ ದೀಪಾವಳಿಯ ರಾತ್ರಿ ಬಿಟ್ಟರೆ ನಾನು ಹುಟ್ಟಿದಾಗಿನಿಂದ ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿಸದೆ ಮಲಗಿದವಳಲ್ಲ. ಜಾಲಹಳ್ಳಿ ಕಡೆಯಿಂದ ಕಾಲೇಜಿಗೆ ಬರುವ ಹುಡುಗಿಯರಾದರೂ ಇದ್ದರೆ ಮನೆಯಲ್ಲಿ ಸದ್ದು ಇರುತ್ತದೆ ಅನ್ನಿಸಿತು. ನಿನ್ನನ್ನು ಹೊರಗೆ ಹಾಕಲು ಅಲ್ಲ. ನೀನು ಬರುವುದೇ ಇಲ್ಲ ಎಂದುಕೊಂಡು.

ನಿನ್ನ ಕಾಗದ ಓದಿದ ಮರುದಿನವೇ ಪುರಸಭೆಗೆ ಹೋದೆ. ಮೆಟ್ಟಿಲ ಮೇಲೇ ಇಂಜಿನಿಯರ್ ಸಿಕ್ಕರು.

'ಏನ್ರಿ ಸಿಸ್ಟರ್, ಹಾಸ್ಟೆಲ್ ಅರ್ಜಿ ತಂದ್ರೇನು?'

'ಇಲ್ರಿ ಸರ್. ಮನೀನ.'

'ಮನಿ ಆದ್ರ ನಕ್ಷೆ ಬದಲಿ ಮಾಡಿಸ್ಕೊಂಡು ಬರ್ರಿ, ಕೂಡಲೇ ನೋಡ್ತೀನಿ.'

'ಏನೇನು ಬದಲಿ ಮಾಡಬೇಕು, ಒಂದೀಟು ಹೇಳ್ರಿ ಸರ್. ಬರಕೊಂತೀನಿ.'

ಅವರು ನಗಲಿಲ್ಲ. ನನ್ನನ್ನೇ ನೋಡಿದರು. 'ಅದನ್ನ ನಾ ಹೆಂಗ ಹೇಳ್ಲಿ ಯವ್ವಾ? ಜಾಗಾ ಎಷ್ಟು ಬಿಡಬೇಕು ಅಂತ ಹೇಳ್ತೀನಿ, ಎತ್ತರ ಹೇಳ್ತೀನಿ. ಒಳಗ ನೀವು ಅವ್ವ ಮಗಳು ಹೆಂಗ ಇರ್ತೀರಿ, ಹಂಗ ಬರಸ್ರಿ.'

ಪೆನ್ನು ಕೈಯಲ್ಲೇ ಇತ್ತು. ಮೆಟ್ಟಿಲು ಇಳಿದು ಬಂದುಬಿಟ್ಟೆ.

ಡಿಸೆಂಬರ್ ಐದಕ್ಕೆ ಅವರು ಆ ರೋಡಿನ ಸೈಟುಗಳನ್ನೆಲ್ಲ ನೋಡಲು ಬರುತ್ತಾರಂತೆ. ಅಷ್ಟರೊಳಗೆ ಹೊಸ ನಕ್ಷೆ ಏರಿಸಿದರೆ ನಮ್ಮದೂ ಆಗುತ್ತದೆ. ಇಲ್ಲದಿದ್ದರೆ ಮುಂದಿನ ಪಾಳಿ ಯಾವಾಗಲೋ. ಬೇರೆಯವರ ಕೈಯಲ್ಲಿ ಬರೆಸಲೇ ಎಂದು ಕಿರಣಕುಮಾರ ಕೇಳಿದ. ಬೇಡ ಎಂದೆ. ನೀನೇ ಬರೆ. ಮನಸ್ಸಿದ್ದರೆ.

ಮತ್ತೆ ಒಂದು ಕೇಳಬೇಕು. ಭೇಟಿ ಕೊಠಡಿ ಯಾಕೆ ಬರೆದೆ? ನಮ್ಮನ್ನು ನೋಡಲು ಯಾರು ಬರುತ್ತಾರೆ?

ಅವ್ವ


ರಾಯಚೂರು
1 ಡಿಸೆಂಬರ್ 2024, ಭಾನುವಾರ

ಅವ್ವಾ,

ಸಾರಿ. ಈ ಸಲದ ಸಾರಿ ನಿಜವಾದದ್ದು.

ನಿನ್ನೆ ಹನುಮಂತಿಯ ಜೊತೆ ಮಟಮಾರಿಗೆ ಹೋಗಿದ್ದೆ. ಅವಳಿಗೆ ಕಾರಣ ಹೇಳಿರಲಿಲ್ಲ. ಮನೆ ನೋಡಲು ಬರುತ್ತೇನೆ ಎಂದರೆ ನಗುತ್ತಾಳೆ. ಆದರೆ ಅವಳ ಅವ್ವ ಶರಣಮ್ಮನವರು ಅರ್ಧ ಗಂಟೆಯಲ್ಲಿ ಕಂಡುಹಿಡಿದುಬಿಟ್ಟರು. 'ಯಾಕಬೇ ಹುಡುಗಿ, ಬಂದಾಗಿಂದ ಗೋಡಿ ನೋಡ್ಕೊಂತ ಕುಂತೀ? ಮನಿ ಕೊಳ್ಳಾಕ ಬಂದೀಯೇನು?' ಎಂದರು.

ಬಾಯಾರಿತ್ತು. 'ಆಂಟಿ, ನೀರು ಕುಡೀಲಾ?' ಎಂದೆ.

'ನೋಡ್ರೇ ಈಕಿನ್ನ! ನೀರು ಕುಡಿಯಾಕ ಪರ್ಮಿಶನ್ ಕೇಳಾಕತ್ತಾಳ.'

ಊಟ ಆದ ಮೇಲೆ ನಾನು ನನ್ನ ತಾಟು ತೊಳೆದು, ಒರೆಸಿ, ಕೈಯಲ್ಲಿ ಹಿಡಿದು ಎಲ್ಲಿ ಇಡಬೇಕೆಂದು ನಿಂತಿದ್ದೆ. ಹನುಮಂತಿ ಬಿದ್ದು ಬಿದ್ದು ನಕ್ಕಳು. ಅವರ ಮನೆಯಲ್ಲಿ ಯಾರದು ಯಾವ ತಾಟು ಎಂದೇ ಇಲ್ಲ ಅವ್ವಾ. ಒಬ್ಬರು ಒಲೆ ಹತ್ತಿರ ಕೂತು ಉಣ್ಣುತ್ತಾರೆ, ಒಬ್ಬರು ಹೊಸ್ತಿಲ ಮೇಲೆ. ಅಡುಗೆಮನೆಯಲ್ಲಿ ಇದ್ದವರು ಅಲ್ಲಿಂದಲೇ ಹೊರಗಿನವರ ಜೊತೆ ಜಗಳ ಆಡುತ್ತಾರೆ. ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯವರು ಕೂಗದೆಯೇ ಒಳಗೆ ಬಂದು, ಉಪ್ಪು ತೆಗೆದುಕೊಂಡು ಹೋದರು. ಯಾರೂ ತಲೆ ಎತ್ತಿ ನೋಡಲಿಲ್ಲ. ನಾನು ಮಾತ್ರ ಎದ್ದು ನಿಂತಿದ್ದೆ.

ಅದನ್ನೆಲ್ಲ ನೋಡಿ ಬಂದು ಇವತ್ತು ಬೆಳಿಗ್ಗೆ ಹೊಸ ಹಾಳೆ ಹಚ್ಚಿದೆ. ಕಿಂಡಿ ತೆಗೆದೆ. ಅಡುಗೆಮನೆಯ ಆ ಗೋಡೆಯನ್ನೇ ತೆಗೆದಿದ್ದೇನೆ, ಒಲೆ ಮುಂದೆ ನಿಂತರೆ ರಸ್ತೆ ಕಾಣುತ್ತದೆ. ಹಿಂದೆ ಒಂದು ಬಾಗಿಲು ಇಟ್ಟಿದ್ದೇನೆ. ನಲ್ಲಿ ಎರಡೇ. ಸಾಲು ಹೋಯಿತಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಕಾರಿಡಾರ್ ಇಲ್ಲ.

ಭೇಟಿ ಕೊಠಡಿಗೆ ಬಂದಾಗ ಕೈ ನಿಂತಿತು. ಯಾಕೆ ಬರೆದೆ ಎಂದು ಕೇಳಿದ್ದೀಯಲ್ಲ. ನಿನ್ನನ್ನು ನೆನೆಸಿಕೊಂಡರೆ ನನಗೆ ಕಾಣುವುದು ಹಾಸ್ಟೆಲಿನ ಭೇಟಿ ಕೊಠಡಿಯಲ್ಲಿಯೇ ಅವ್ವಾ. ತಿಂಗಳಿಗೊಂದು ಭಾನುವಾರ, ಆ ಬೆಂಚು, ತೊಡೆಯ ಮೇಲೆ ಬ್ಯಾಗು, ಡ್ಯೂಟಿ ಸೀರೆಯ ಸ್ಪಿರಿಟ್ ವಾಸನೆ. ನೀನು ನನ್ನ ಉಗುರು ಕತ್ತರಿಸುತ್ತಿದ್ದೆ. ನಿನಗೆ ಒಂದು ಮನೆ ಬರೆಯಬೇಕು ಎಂದುಕೊಂಡಾಗ ನೀನು ಇರುವ ಜಾಗ ಎಂದರೆ ನನಗೆ ಅದೊಂದೇ ಗೊತ್ತಿತ್ತು, ಅದಕ್ಕೇ ಅದನ್ನು ಎಲ್ಲಕ್ಕಿಂತ ಮೊದಲು ಬರೆದೆ. ಈಗ ಅಳಿಸಿದ್ದೇನೆ. ಅದು ಬೇಡ. ಭೇಟಿ ಮುಗಿಯುವ ಕೋಣೆ ಅದು.

ದಸರೆಯ ಮಾತನ್ನು ನೀನು ತಪ್ಪಾಗಿ ತಿಳಿದುಕೊಂಡೆ. ನಾನು ರಜೆ ಕಳೆಯಲು ಬರುತ್ತೇನೆ ಅಂದಿರಲಿಲ್ಲ. ದೇವದುರ್ಗದಿಂದ ರಾಯಚೂರಿಗೆ ಹುಡುಗಿಯರು ದಿನಾ ಓಡಾಡುತ್ತಾರೆ, ನನ್ನ ಕ್ಲಾಸಿನಲ್ಲೇ ಇಬ್ಬರಿದ್ದಾರೆ. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೇ. ನಾನು ಏಳುತ್ತೇನೆ. ಕೆಲಸ ಸಿಕ್ಕಿದ ಮೇಲಿನ ಮಾತು ನನಗೆ ಗೊತ್ತಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಓದು ಮುಗಿಯುವವರೆಗಿನ ಈ ಮೂರೂವರೆ ವರ್ಷ ನನಗೆ ಬೇಕು.

ಈಗ ನಿಂತಿರುವುದು ಒಂದೇ ಕಡೆ. ಅಡುಗೆಮನೆ ಆಯಿತು, ಕೂಡುವ ಜಾಗ ಆಯಿತು, ಬಚ್ಚಲು ಆಯಿತು. ಪೂರ್ವದ ಬದಿಗೆ ಒಂದು ಖಾಲಿ ಜಾಗ ಉಳಿದಿದೆ, ಮಲಗುವುದಕ್ಕೆ. ಅದು ಒಂದು ದೊಡ್ಡ ಕೋಣೆಯೂ ಆಗುತ್ತದೆ, ನಡುವೆ ಗೀಟು ಎಳೆದರೆ ಎರಡು ಸಣ್ಣ ಕೋಣೆಯೂ ಆಗುತ್ತದೆ. ಶರಣಮ್ಮನವರನ್ನು ಕೇಳಿದೆ, 'ಆಂಟಿ, ನಿಮ್ಮ ಮನ್ಯಾಗ ಯಾರು ಎಲ್ಲಿ ಮಲಗ್ತೀರಿ?' 'ಯಾರಿಗಿ ಎಲ್ಲಿ ನಿದ್ದಿ ಬರ್ತದೋ ಅಲ್ಲಿ' ಎಂದರು. ಅದಕ್ಕೆ ಅಳತೆ ಇಲ್ಲ.

ನಾವಿಬ್ಬರು ಹೇಗೆ ಮಲಗುತ್ತೇವೆ ಅವ್ವಾ? ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗಿದಾಗ ನಾನು ಪಕ್ಕದಲ್ಲಿ ಪುಟ ತಿರುವಿದರೆ ನಿನಗೆ ಎಚ್ಚರ ಆಗುತ್ತದೆಯೇ? ಪಕ್ಕದಲ್ಲಿ ಯಾರೋ ಉಸಿರಾಡಬೇಕು ಎಂದು ನೀನು ಬರೆದಿದ್ದೀ. ಆ ಯಾರೋ ನಾನಾದರೆ ನಡೆಯುತ್ತದೆಯೇ? ನಾನು ನಿದ್ದೆಯಲ್ಲಿ ಮಾತಾಡುತ್ತೇನೆ ಅಂತ ಹನುಮಂತಿ ಹೇಳುತ್ತಾಳೆ. ಇದೆಲ್ಲ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲದಿರಬಹುದು. ಗೊತ್ತಿಲ್ಲದಿದ್ದರೂ ಒಂದು ಹೇಳು, ತಪ್ಪಾದರೆ ಆಗಲಿ.

ಬುಧವಾರ ಕಿರಣಕುಮಾರ ಅವರಿಗೆ ನಕ್ಷೆ ಮುಟ್ಟಬೇಕು. ಜಿಲಾನಿ ಪಾಷಾ ಮಂಗಳವಾರ ಬೆಳಿಗ್ಗೆ ಮಾನ್ವಿಯಿಂದ ಹೊರಡುತ್ತಾರೆ, ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ಗೀಟು ಎಳೆಯಲೋ ಬೇಡವೋ, ಅಷ್ಟು ಬರೆದು ಕಳಿಸು. ಬೇಗ ಬರೆ.

ಮಿತ್ರಾ